ಇಂಧನ ಅರ್ಥಶಾಸ್ತ್ರದ ಸಮಾಲೋಚನೆ: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಅಂತರರಾಷ್ಟ್ರೀಯ ಮಟ್ಟದಲ್ಲಿ ಇಂಧನ ಅರ್ಥಶಾಸ್ತ್ರ ಮತ್ತು ನೀತಿ ಸಮಾಲೋಚಕರಾಗಿ ದುಡಿಯುವ ವೃತ್ತಿಯ ಕುರಿತು ಓದುಗರಿಂದ ಬಂದ ಪ್ರಶ್ನೆಗಳಿಗೆ, ಅದೇ ಕ್ಷೇತ್ರದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ನಮ್ಮ ಅಂಕಣಕಾರರು ಇಲ್ಲಿ ಉತ್ತರಿಸಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ಇಂಧನ ಅರ್ಥಶಾಸ್ತ್ರದ ಸಮಾಲೋಚಕರು ನಿಜವಾಗಿ ಮಾಡುವ ಕೆಲಸವೇನು? ಅವರನ್ನು ಎಂಜಿನಿಯರ್ ಎನ್ನಬೇಕೋ, ಅರ್ಥಶಾಸ್ತ್ರಜ್ಞರೆನ್ನಬೇಕೋ?

ಉತ್ತರ: ಇಂಧನ ಕ್ಷೇತ್ರದಲ್ಲಿ ಇಂದು ಕೈಗೊಂಡ ನಿರ್ಧಾರದ ಫಲವನ್ನು ಮುಂದಿನ ಮೂವತ್ತು ನಲವತ್ತು ವರ್ಷ ಉಣ್ಣಬೇಕಾಗುತ್ತದೆ. ಅನಿಲದ ಕೊಳವೆ ಮಾರ್ಗ ಹಾಕುವುದು, ಜಲವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವುದು, ಸಮುದ್ರತಳದ ತೈಲ ನಿಕ್ಷೇಪವನ್ನು ಕಂಪನಿಯೊಂದಕ್ಕೆ ಗುತ್ತಿಗೆ ಕೊಡುವುದು, ವಿದ್ಯುತ್ ದರದ ಪದ್ಧತಿಯನ್ನೇ ಬದಲಿಸುವುದು, ಇವೆಲ್ಲ ಒಮ್ಮೆ ಹಣ ಸುರಿದ ಮೇಲೆ ಹಿಂದೆ ಸರಿಯಲಾಗದ ಕೆಲಸಗಳು. ಇವುಗಳಿಗೆ ಕೈಹಾಕುವ ಮುನ್ನ ಯಾರಿಗೆ ಎಷ್ಟು ಲಾಭ, ಯಾರ ಮೇಲೆ ಎಷ್ಟು ಹೊರೆ, ಬೇರೆ ದಾರಿ ಹಿಡಿದರೆ ಅದರ ಖರ್ಚೆಷ್ಟು ಎಂದು ಲೆಕ್ಕ ಹಾಕಿ, ನಿರ್ಧಾರ ತೆಗೆದುಕೊಳ್ಳುವವರಿಗೆ ಅರ್ಥವಾಗುವ ಹಾಗೆ ಹೇಳುವವರೇ ಈ ಸಮಾಲೋಚಕರು. ಅವರಿಗೆ ಕೆಲಸ ಕೊಡುವವರು ಇಂಧನ ಸಚಿವಾಲಯಗಳು, ವಿದ್ಯುತ್ ನಿಯಂತ್ರಣ ಆಯೋಗಗಳು, ವಿಶ್ವಬ್ಯಾಂಕಿನಂಥ ಸಾಲದಾತ ಸಂಸ್ಥೆಗಳು, ಹೂಡಿಕೆದಾರರು ಮತ್ತು ಕೆಲವೊಮ್ಮೆ ವಕೀಲರು.

ಈ ಕ್ಷೇತ್ರದ ಚಿಂತನೆ ಹಳೆಯದು. ಕಲ್ಲಿದ್ದಲನ್ನು ಹೆಚ್ಚು ದಕ್ಷವಾಗಿ ಉರಿಸಿದರೆ ಅದರ ಬಳಕೆ ಕಡಿಮೆಯಾಗುವ ಬದಲು ಹೆಚ್ಚಬಹುದೆಂದು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ವಾದಿಸಿದ್ದರು. ಬಗೆದು ಮುಗಿಯುವ ಸಂಪತ್ತನ್ನು ಎಷ್ಟು ವೇಗದಲ್ಲಿ ಹೊರತೆಗೆಯಬೇಕೆಂಬ ಪ್ರಶ್ನೆಗೆ ಹೆರಾಲ್ಡ್ ಹೊಟೆಲಿಂಗ್ 1931ರಲ್ಲಿ ಗಣಿತದ ಉತ್ತರ ಕೊಟ್ಟಿದ್ದರು. ಆದರೆ ವೃತ್ತಿಯಾಗಿ ಇದು ಹರಡಿಕೊಂಡದ್ದು 1973ರ ತೈಲ ಬಿಕ್ಕಟ್ಟಿನ ಬಳಿಕ. ಆ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ನಿರ್ಬಂಧ ಹೇರಿದಾಗ ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಮರುವರ್ಷದ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿಕೊಂಡಿತು ಮತ್ತು ಅದರ ಸದಸ್ಯ ರಾಷ್ಟ್ರಗಳು ಕನಿಷ್ಠ 90 ದಿನಗಳ ನಿವ್ವಳ ಆಮದಿಗೆ ಸಮನಾದ ತೈಲವನ್ನು ದಾಸ್ತಾನು ಇಡಬೇಕಾಯಿತು. ಆ ದಾಸ್ತಾನಿನ ಖರ್ಚು ಯಾರು ಹೊರಬೇಕು, ಅದನ್ನು ಯಾವ ಬೆಲೆಯಲ್ಲಿ, ಯಾವ ಹೊತ್ತಿನಲ್ಲಿ ಮಾರುಕಟ್ಟೆಗೆ ಬಿಡಬೇಕು ಎಂಬ ಪ್ರಶ್ನೆಗಳಿಗೆ ಎಂಜಿನಿಯರ್ ಒಬ್ಬರಿಂದಲೂ, ಅರ್ಥಶಾಸ್ತ್ರಜ್ಞರೊಬ್ಬರಿಂದಲೂ ಪೂರ್ತಿ ಉತ್ತರ ಸಿಗುವಂತಿರಲಿಲ್ಲ. ಎರಡೂ ಕಡೆ ಕಾಲಿಟ್ಟು ನಿಲ್ಲಬಲ್ಲವರಿಗೆ ಬೇಡಿಕೆ ಬಂದದ್ದು ಹಾಗೆ.

ದಿನನಿತ್ಯದ ಕೆಲಸ ಮಾತ್ರ ಹೊರಗಿನವರು ಊಹಿಸುವಷ್ಟು ಭವ್ಯವಲ್ಲ. ಅರ್ಧದಷ್ಟು ಸಮಯ ಅಂಕಿಅಂಶಗಳನ್ನು ಶುಚಿಗೊಳಿಸುವುದರಲ್ಲೇ ಕಳೆಯುತ್ತದೆ. ವಿತರಣಾ ಕಂಪನಿಯ ಲೆಕ್ಕದಲ್ಲಿ "ನಷ್ಟ" ಎಂಬ ಒಂದೇ ಕಾಲಂ ಇರುತ್ತದೆ. ಅದರಲ್ಲಿ ತಂತಿಯಲ್ಲಿ ಶಾಖವಾಗಿ ಹೋದದ್ದು, ಕದ್ದು ಬಳಸಿದ್ದು, ಮೀಟರೇ ಇಲ್ಲದ ಗ್ರಾಹಕರಿಗೆ ಅಂದಾಜಿನ ಮೇಲೆ ಬರೆದದ್ದು, ಬಿಲ್ ಮಾಡಿಯೂ ವಸೂಲಾಗದ್ದು ಎಲ್ಲವೂ ಬೆರೆತಿರುತ್ತವೆ. ಇವುಗಳನ್ನು ಬಿಡಿಸದೆ ದರ ಹೆಚ್ಚಿಸಿ ಎಂದು ಬರೆಯುವುದು ಪ್ರಾಮಾಣಿಕವಾಗಿ ಹಣ ಕಟ್ಟುವ ಗ್ರಾಹಕರಿಗೆ ಮಾಡುವ ಅನ್ಯಾಯ. ಹೀಗಾಗಿ ಆ ಒಂದು ಕಾಲಂ ಅನ್ನು ನಾಲ್ಕಾಗಿ ಒಡೆಯುವ ಕೆಲಸವನ್ನು ನಾನು ಈ ವೃತ್ತಿಯ ಅತ್ಯಂತ ಗೌರವದ ಕೆಲಸಗಳಲ್ಲಿ ಒಂದೆಂದೇ ಭಾವಿಸುತ್ತೇನೆ.

ಪ್ರಶ್ನೆ: ನಾನು ವಿದ್ಯುತ್ ಎಂಜಿನಿಯರಿಂಗ್ ಪದವೀಧರೆ. ಈ ಕ್ಷೇತ್ರಕ್ಕೆ ಬರಲು ಮತ್ತೆ ಅರ್ಥಶಾಸ್ತ್ರವನ್ನು ಮೊದಲಿನಿಂದ ಓದಬೇಕೇ?

ಉತ್ತರ: ಮೊದಲಿನಿಂದ ಬೇಡ, ಆದರೆ ಗಂಭೀರವಾಗಿ ಓದಬೇಕು. ನಿಮ್ಮ ಬಳಿ ಈಗಾಗಲೇ ಇರುವ ಒಂದು ಬಲವನ್ನು ಕಡೆಗಣಿಸಬೇಡಿ. ವರ್ಷಕ್ಕೆ 8,760 ಗಂಟೆಗಳೆಂದೂ, ಸಾವಿರ ಮೆಗಾವ್ಯಾಟಿನ ಸೌರ ಸ್ಥಾವರವೂ ಸಾವಿರ ಮೆಗಾವ್ಯಾಟಿನ ಅಣುಸ್ಥಾವರವೂ ವರ್ಷದ ಕೊನೆಗೆ ಒಂದೇ ಪ್ರಮಾಣದ ವಿದ್ಯುತ್ ಕೊಡುವುದಿಲ್ಲವೆಂದೂ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಅರ್ಥಶಾಸ್ತ್ರದಿಂದ ಬಂದ ಅನೇಕರು ಸಾಮರ್ಥ್ಯವನ್ನು ಅಳೆಯುವ ಮೆಗಾವ್ಯಾಟಿಗೂ ತಯಾರಾದ ವಿದ್ಯುತ್ತನ್ನು ಅಳೆಯುವ ಮೆಗಾವ್ಯಾಟ್ ಗಂಟೆಗೂ ಇರುವ ಅಂತರದಲ್ಲೇ ಎಡವುತ್ತಾರೆ.

ನೀವು ಕಲಿಯಬೇಕಾದದ್ದು ಸೀಮಾಂತ ವೆಚ್ಚ (ಇನ್ನೊಂದು ಯೂನಿಟ್ ಹೆಚ್ಚು ತಯಾರಿಸಲು ತಗಲುವ ಖರ್ಚು), ಬೇಡಿಕೆಯ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದು), ಏಕಸ್ವಾಮ್ಯದ ನಿಯಂತ್ರಣ, ಯೋಜನಾ ಹಣಕಾಸು ಮತ್ತು ಎಕಾನೊಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಧಾನ). ಬೇಡಿಕೆ ಶಿಖರಕ್ಕೇರುವ ಹೊತ್ತಿನ ವಿದ್ಯುತ್ತಿಗೆ ಹೆಚ್ಚು ಬೆಲೆ ಏಕಿರಬೇಕು ಎಂಬುದನ್ನು ಫ್ರಾನ್ಸಿನ ಮಾರ್ಸೆಲ್ ಬ್ವಾತೋ 1949ರಲ್ಲಿ ವಿವರಿಸಿದ ರೀತಿಯನ್ನು ಓದಿ. ಮುಂದೆ ಅವರೇ ಆ ದೇಶದ ರಾಷ್ಟ್ರೀಯ ವಿದ್ಯುತ್ ಸಂಸ್ಥೆಯ ಚುಕ್ಕಾಣಿ ಹಿಡಿದರು. ಸಿದ್ಧಾಂತ ಬರೆದವರೇ ದರಪಟ್ಟಿಯನ್ನೂ ರೂಪಿಸುವ ಸ್ಥಾನಕ್ಕೆ ಬರುವುದು ಅಪರೂಪ, ಹಾಗಾಗಿ ಆ ಬರಹದಲ್ಲಿ ಎರಡೂ ಬಗೆಯ ಬುದ್ಧಿ ಕಾಣುತ್ತದೆ. ಸ್ನಾತಕೋತ್ತರ ಓದಿಗೆ ಅಮೆರಿಕದ ಕೊಲರಾಡೊ ಸ್ಕೂಲ್ ಆಫ್ ಮೈನ್ಸ್, ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯ, ಪ್ಯಾರಿಸ್ ಸಮೀಪದ ಐಎಫ್‌ಪಿ ಸ್ಕೂಲ್ ಇಂಥವು ಈ ಕ್ಷೇತ್ರದವರಿಗೆ ಪರಿಚಿತ ಹೆಸರುಗಳು. ನಿಯಂತ್ರಣದ ವಿಷಯಕ್ಕೆ 2004ರಲ್ಲಿ ಆರಂಭವಾದ ಫ್ಲಾರೆನ್ಸ್ ಸ್ಕೂಲ್ ಆಫ್ ರೆಗ್ಯುಲೇಷನ್ನಿನ ತರಬೇತಿಗಳಿವೆ.

ಹಾಗೆಂದು ಪದವಿಯ ಹೆಸರಿಗಿಂತ ಮೊದಲ ಐದಾರು ವರ್ಷ ಎಲ್ಲಿ ಕೆಲಸ ಮಾಡುತ್ತೀರಿ ಎಂಬುದೇ ಮುಖ್ಯ. ವಿತರಣಾ ಕಂಪನಿಯ ದರ ವಿಭಾಗದಲ್ಲೋ ನಿಯಂತ್ರಣ ಆಯೋಗದಲ್ಲೋ ದುಡಿದು, ಒಂದು ದರ ಅರ್ಜಿ ಸಲ್ಲಿಕೆಯಿಂದ ಆದೇಶದವರೆಗೆ ಸಾಗುವುದನ್ನು ಒಳಗಿನಿಂದ ಕಂಡವರ ಸಲಹೆಗೆ ಬೇರೆಯೇ ತೂಕ ಬರುತ್ತದೆ. ನೇರವಾಗಿ ಸಮಾಲೋಚನಾ ಸಂಸ್ಥೆ ಸೇರಿದವರು ಸ್ಲೈಡು ಮಾಡುವುದನ್ನು ಬೇಗ ಕಲಿಯುತ್ತಾರೆ, ನಿರ್ಧಾರ ಹೇಗಾಗುತ್ತದೆ ಎಂಬುದನ್ನು ತಡವಾಗಿ ಕಲಿಯುತ್ತಾರೆ.

ಪ್ರಶ್ನೆ: ಒಂದೇ ಬಗೆಯ ವಿದ್ಯುತ್ ಸ್ಥಾವರದ ಬಗ್ಗೆ ಎರಡು ವರದಿಗಳು ತೀರಾ ಭಿನ್ನವಾದ ಬೆಲೆ ಹೇಳುತ್ತವೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯಬೇಕೇ?

ಉತ್ತರ: ಹಾಗೆ ತಿಳಿಯಬೇಕಿಲ್ಲ. ಇಬ್ಬರೂ ಸರಿಯಾಗಿಯೇ ಗುಣಿಸಿರುತ್ತಾರೆ, ಭಾಗಿಸಿರುತ್ತಾರೆ. ವ್ಯತ್ಯಾಸವಿರುವುದು ಅವರು ಹಿಡಿದ ಊಹೆಗಳಲ್ಲಿ. ಈ ವೃತ್ತಿಯ ಜೀವಾಳವೇ ಇದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನೂರು ಕೋಟಿ ಡಾಲರ್ ಬಂಡವಾಳ ಬೇಡುವ, ಇಪ್ಪತ್ತೈದು ವರ್ಷ ಬಾಳುವ ಒಂದು ಸ್ಥಾವರವನ್ನು ತೆಗೆದುಕೊಳ್ಳಿ. ಆ ಬಂಡವಾಳವನ್ನು ವರ್ಷವರ್ಷವೂ ಸಮನಾದ ಕಂತಿನಲ್ಲಿ ವಾಪಸು ಪಡೆಯಬೇಕೆಂದರೆ, ಬಂಡವಾಳದ ಮೇಲಿನ ದರ ಶೇ 5 ಎಂದು ಹಿಡಿದಾಗ ವಾರ್ಷಿಕ ಕಂತು ಸುಮಾರು 7.1 ಕೋಟಿ ಡಾಲರ್ ಆಗುತ್ತದೆ. ಅದೇ ದರವನ್ನು ಶೇ 10 ಎಂದು ಹಿಡಿದರೆ ಕಂತು ಸುಮಾರು 11 ಕೋಟಿಗೆ ಏರುತ್ತದೆ. ಯಂತ್ರ ಬದಲಾಗಿಲ್ಲ, ನೆಲ ಬದಲಾಗಿಲ್ಲ, ಬಿಸಿಲೋ ಗಾಳಿಯೋ ಬದಲಾಗಿಲ್ಲ; ಡಿಸ್ಕೌಂಟ್ ದರ, ಅಂದರೆ ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ದರವೆಂಬ ಒಂದೇ ಅಂಕಿ ಬದಲಾದದ್ದರಿಂದ ಬಂಡವಾಳದ ಹೊರೆ ಶೇ 55ರಷ್ಟು ಹೆಚ್ಚಿತು. ಸೌರ, ಪವನ, ಜಲ, ಅಣುಶಕ್ತಿ ಇವೆಲ್ಲವುಗಳಲ್ಲಿ ಖರ್ಚಿನ ಬಹುಪಾಲು ಆರಂಭದಲ್ಲೇ ಆಗುವುದರಿಂದ ಈ ದರ ಏರಿದಾಗ ಪೆಟ್ಟು ಬೀಳುವುದು ಅವುಗಳಿಗೆ. ಅನಿಲ ಸ್ಥಾವರದಲ್ಲಿ ಖರ್ಚಿನ ದೊಡ್ಡ ಪಾಲು ಮುಂದೆ ಕೊಳ್ಳಬೇಕಾದ ಇಂಧನದ್ದಾದ್ದರಿಂದ ಅದಕ್ಕೆ ಅಷ್ಟು ನೋವಾಗದು. ಬಡ ದೇಶಗಳಲ್ಲಿ ಸಾಲದ ಬಡ್ಡಿ ಹೆಚ್ಚು. ಹೇರಳ ಬಿಸಿಲಿದ್ದರೂ ಅಲ್ಲಿ ಸೌರ ವಿದ್ಯುತ್ತು ದುಬಾರಿಯಾಗಿ ಕಾಣಲು ಇದೂ ಒಂದು ಮುಖ್ಯ ಕಾರಣ. ಇಂಥ ಕಡೆ ಒಳ್ಳೆಯ ಸಮಾಲೋಚಕರು ಫಲಕದ ಬೆಲೆಯ ಬಗ್ಗೆ ಪುಟಗಟ್ಟಲೆ ಬರೆಯುವ ಬದಲು ಸಾಲದ ಖಾತರಿಯ ಬಗ್ಗೆ, ವಿದ್ಯುತ್ ಕೊಳ್ಳುವ ಕಂಪನಿಯ ಪಾವತಿ ಶಿಸ್ತಿನ ಬಗ್ಗೆ, ಕರೆನ್ಸಿ ಕುಸಿದರೆ ನಷ್ಟ ಯಾರದು ಎಂಬುದರ ಬಗ್ಗೆ ಬರೆಯುತ್ತಾರೆ.

ದೂರದ ಭವಿಷ್ಯದ ಲಾಭವನ್ನು ಇಂದು ಎಷ್ಟೆಂದು ಎಣಿಸಬೇಕು ಎಂಬುದೂ ಇದೇ ಅಂಕಿಯ ಆಟ. ಮೂವತ್ತು ವರ್ಷದ ನಂತರ ಸಿಗುವ ನೂರು ಡಾಲರಿನ ಇಂದಿನ ಮೌಲ್ಯ ಶೇ 3ರ ದರದಲ್ಲಿ 41 ಡಾಲರಿಗಿಂತ ತುಸು ಹೆಚ್ಚು, ಶೇ 10ರ ದರದಲ್ಲಿ 6 ಡಾಲರಿಗೂ ಕಡಿಮೆ. ಇಂಗಾಲದ ಹೊರಸೂಸುವಿಕೆಗೆ ಎಷ್ಟು ತೆರಿಗೆ ಹಾಕಬೇಕೆಂಬ ವಾದದಲ್ಲಿ ದೊಡ್ಡ ಅರ್ಥಶಾಸ್ತ್ರಜ್ಞರೇ ಒಮ್ಮತಕ್ಕೆ ಬಾರದಿರುವುದಕ್ಕೆ ಇದೂ ಕಾರಣ. ಮುಂದಿನ ಪೀಳಿಗೆಯ ಹಿತಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ನೈತಿಕ ಪ್ರಶ್ನೆಯೊಂದು ಇಲ್ಲಿ ದಶಾಂಶದ ಅಂಕಿಯ ವೇಷ ತೊಟ್ಟು ಕುಳಿತಿರುತ್ತದೆ. ಆದ್ದರಿಂದ ವರದಿ ಓದುವಾಗ ಮೊದಲ ಪುಟದ ಸಾರಾಂಶವನ್ನು ಬಿಟ್ಟು, ಅನುಬಂಧದಲ್ಲಿರುವ ಊಹೆಗಳ ಪಟ್ಟಿಯಿಂದ ಆರಂಭಿಸಿ. ಅಂಥ ಪಟ್ಟಿಯೇ ಇಲ್ಲದ ವರದಿಯನ್ನು ಎಷ್ಟೇ ಹೆಸರಾಂತ ಸಂಸ್ಥೆ ಬರೆದಿದ್ದರೂ ನಂಬಬೇಡಿ.

ಪ್ರಶ್ನೆ: ತೈಲ ಬೆಲೆಯ ಮುನ್ನೋಟಗಳು ಪದೇ ಪದೇ ಸುಳ್ಳಾಗುತ್ತವೆ. ಹೀಗಿದ್ದೂ ಅದಕ್ಕೆ ಸಂಭಾವನೆ ಪಡೆಯುವುದು ಸರಿಯೇ?

ಉತ್ತರ: ಪ್ರಶ್ನೆಯಲ್ಲಿರುವ ಅಸಮಾಧಾನ ನ್ಯಾಯವಾದದ್ದು. 1956ರಲ್ಲಿ ಭೂವಿಜ್ಞಾನಿ ಕಿಂಗ್ ಹಬ್ಬರ್ಟ್ ಅಮೆರಿಕದ ತೈಲ ಉತ್ಪಾದನೆ 1970ರ ಹೊತ್ತಿಗೆ ಶಿಖರ ಮುಟ್ಟಿ ಇಳಿಯತೊಡಗುತ್ತದೆ ಎಂದರು. ಅದು ನಿಜಕ್ಕೂ 1970ರಲ್ಲಿ ಶಿಖರ ಮುಟ್ಟಿ ಇಳಿಯತೊಡಗಿತು. ಆ ಒಂದು ಯಶಸ್ಸನ್ನು ನಂಬಿ ಎಷ್ಟೋ ಜನ ಜಗತ್ತಿನ ತೈಲ ಮುಗಿಯುವ ದಿನಾಂಕವನ್ನೇ ಬರೆಯತೊಡಗಿದರು. ಅಷ್ಟರಲ್ಲಿ ಶೇಲ್ ಬಂಡೆಯಿಂದ ತೈಲ ತೆಗೆಯುವ ತಂತ್ರ ಬಂದು, 2018ರ ಹೊತ್ತಿಗೆ ಅಮೆರಿಕದ ಉತ್ಪಾದನೆ ಆ ಹಳೆಯ ಶಿಖರವನ್ನೂ ದಾಟಿತು. ಇನ್ನೊಂದು ಬದಿಯಲ್ಲಿ, ದೊಡ್ಡ ಸೌರ ಸ್ಥಾವರಗಳ ವಿದ್ಯುತ್ತಿನ ವೆಚ್ಚ 2010ರಿಂದ 2020ರೊಳಗೆ ಸುಮಾರು ಶೇ 85ರಷ್ಟು ಇಳಿದದ್ದನ್ನು ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ದಾಖಲಿಸಿದೆ. ದಶಕದ ಆರಂಭದಲ್ಲಿ ಇಷ್ಟು ವೇಗವನ್ನು ಊಹಿಸಿದವರು ವಿರಳ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ವಾಯಿದೆ ಬೆಲೆ (ಮುಂದೆ ತಲುಪಿಸುವ ತೈಲಕ್ಕೆ ಮೊದಲೇ ಮಾಡಿಕೊಂಡ ಒಪ್ಪಂದದ ಬೆಲೆ) ಬ್ಯಾರೆಲಿಗೆ ಋಣ 37.63 ಡಾಲರಿಗೆ ಇಳಿದು ಮುಕ್ತಾಯವಾಯಿತು. ಸಾಂಕ್ರಾಮಿಕದಿಂದ ಬೇಡಿಕೆ ಕುಸಿದು, ತೈಲವನ್ನು ತಲುಪಿಸಿಕೊಳ್ಳಬೇಕಾದ ಓಕ್ಲಹೋಮಾದ ಕುಶಿಂಗ್‌ನ ಟ್ಯಾಂಕುಗಳಲ್ಲಿ ಜಾಗ ಸಿಗದೆ, ಒಪ್ಪಂದ ಹಿಡಿದಿದ್ದವರು ಅದನ್ನು ಬೇರೆಯವರಿಗೆ ದಾಟಿಸಲು ತಾವೇ ಹಣ ಕೊಟ್ಟರು.

ಇಷ್ಟಾದ ಮೇಲೂ ನಮ್ಮ ಕೆಲಸಕ್ಕೆ ಅರ್ಥವಿದೆ ಎಂದು ನಾನು ನಂಬುವುದು ಒಂದೇ ಕಾರಣಕ್ಕೆ. ಬೆಲೆ ಇಷ್ಟೇ ಆಗುತ್ತದೆ ಎಂದು ಹೇಳುವುದು ನಮ್ಮ ಕೆಲಸವಲ್ಲ. ಬ್ಯಾರೆಲಿಗೆ 40 ಡಾಲರಾದರೂ, 120 ಡಾಲರಾದರೂ ಈ ಯೋಜನೆ, ಈ ಬಜೆಟ್, ಈ ಒಪ್ಪಂದ ಉಳಿಯುತ್ತದೆಯೇ ಎಂದು ಪರೀಕ್ಷಿಸುವುದು ನಮ್ಮ ಕೆಲಸ. ತೈಲ ರಫ್ತು ಮಾಡುವ ದೇಶವೊಂದು ತನ್ನ ಬಜೆಟ್ಟನ್ನು ಒಂದೇ ಬೆಲೆಯ ಮೇಲೆ ಕಟ್ಟಿದರೆ, ಬೆಲೆ ಬಿದ್ದ ವರ್ಷ ಶಾಲೆಗೂ ಆಸ್ಪತ್ರೆಗೂ ಹಣವಿರುವುದಿಲ್ಲ. ನಾರ್ವೆ 1990ರಲ್ಲಿ ಕಾನೂನು ಮಾಡಿ, 1996ರಿಂದ ತೈಲದ ಆದಾಯವನ್ನು ಪ್ರತ್ಯೇಕ ನಿಧಿಗೆ ತುಂಬತೊಡಗಿದ್ದು ಇದೇ ತಿಳಿವಳಿಕೆಯಿಂದ. ಒಂದೇ ಗೆರೆಯ ಮುನ್ನೋಟವನ್ನು ಕೇಳುವವರಿಗೆ ಮೂರು ಸನ್ನಿವೇಶ ಕೊಟ್ಟು, ಪ್ರತಿಯೊಂದರಲ್ಲೂ ಏನು ಮುರಿಯುತ್ತದೆ ಎಂದು ತೋರಿಸುವವರು ತಮ್ಮ ಸಂಭಾವನೆಗೆ ತಕ್ಕ ಕೆಲಸ ಮಾಡಿದ್ದಾರೆ.

ಪ್ರಶ್ನೆ: ಇಂಧನ ಸಬ್ಸಿಡಿ ತೆಗೆಯಿರಿ ಎಂದು ಸಮಾಲೋಚಕರು ಸುಲಭವಾಗಿ ಬರೆದುಬಿಡುತ್ತಾರೆ. ಜನ ಬೀದಿಗಿಳಿದಾಗ ಅವರು ಆ ದೇಶದಲ್ಲೇ ಇರುವುದಿಲ್ಲ. ಈ ಹೊಣೆ ಯಾರದು?

ಉತ್ತರ: ಹೊಣೆಯ ಒಂದು ಪಾಲು ಖಂಡಿತವಾಗಿ ಸಲಹೆ ಕೊಟ್ಟವರದು. ಸಬ್ಸಿಡಿಯ ವಿರುದ್ಧದ ವಾದ ಗಟ್ಟಿಯಾಗಿದೆ: ಪೆಟ್ರೋಲನ್ನು ಅಗ್ಗವಾಗಿಟ್ಟರೆ ಹೆಚ್ಚು ಲಾಭವಾಗುವುದು ಹೆಚ್ಚು ಉರಿಸುವ ಅನುಕೂಲಸ್ಥರಿಗೆ, ಖಜಾನೆಯ ಹಣ ಕರಗುತ್ತದೆ, ಅಗ್ಗದ ಇಂಧನ ಗಡಿ ದಾಟಿ ಕಳ್ಳಸಾಗಣೆಯಾಗುತ್ತದೆ. ಆದರೆ ವಾದ ಗಟ್ಟಿಯಾಗಿದ್ದ ಮಾತ್ರಕ್ಕೆ ಅದನ್ನು ಜಾರಿಗೆ ತರುವ ಬಗೆ ಸರಿಯಾಗಿರುತ್ತದೆ ಎಂದೇನೂ ಇಲ್ಲ. ನೈಜೀರಿಯಾದಲ್ಲಿ 2012ರ ಜನವರಿ 1ರಂದು ಪೆಟ್ರೋಲ್ ಸಬ್ಸಿಡಿಯನ್ನು ಹಠಾತ್ತಾಗಿ ತೆಗೆದಾಗ ಲೀಟರಿಗೆ 65 ನೈರಾ ಇದ್ದ ಬೆಲೆ 140ರ ಆಚೆಗೆ ಜಿಗಿಯಿತು. ದೇಶವ್ಯಾಪಿ ಮುಷ್ಕರ ನಡೆಯಿತು, ತಿಂಗಳ ನಡುವಿನಲ್ಲೇ ಸರ್ಕಾರ ಬೆಲೆಯನ್ನು 97 ನೈರಾಕ್ಕೆ ಇಳಿಸಿತು. ಉಳಿಸಿದ ಹಣ ತಮ್ಮ ಕೈಗೆ ಬೇರೆ ರೂಪದಲ್ಲಿ ಬರುತ್ತದೆ ಎಂದು ನಂಬಲು ಜನರಿಗೆ ಯಾವ ಆಧಾರವೂ ಇರಲಿಲ್ಲ.

ಇರಾನಿನಲ್ಲಿ 2010ರ ಡಿಸೆಂಬರಿನಲ್ಲಿ ಇಂಧನ ಬೆಲೆಗಳು ಅದಕ್ಕಿಂತ ತೀವ್ರವಾಗಿ ಏರಿದವು. ಆದರೂ ಆರಂಭದಲ್ಲಿ ದೊಡ್ಡ ಗಲಭೆ ಆಗಲಿಲ್ಲ. ಕುಟುಂಬಗಳಿಗೆ ಬ್ಯಾಂಕ್ ಖಾತೆ ತೆರೆಸಿ, ಬೆಲೆ ಏರುವ ಮುನ್ನವೇ ಪರಿಹಾರದ ಹಣವನ್ನು ಜಮಾ ಮಾಡಲಾಗಿತ್ತು. ಖಾತೆಯಲ್ಲಿ ಹಣ ಇರುವುದು ಜನರಿಗೆ ಕಾಣುತ್ತಿತ್ತು, ಆದರೆ ಹೊಸ ಬೆಲೆಗಳು ಜಾರಿಯಾದ ದಿನದಿಂದಷ್ಟೇ ಅದನ್ನು ತೆಗೆಯಬಹುದಿತ್ತು. ಮುಂದೆ ಹಣದುಬ್ಬರವು ಆ ಮೊತ್ತದ ಕೊಳ್ಳುವ ಶಕ್ತಿಯನ್ನು ತಿಂದುಹಾಕಿದ್ದರಿಂದ ಆ ಸುಧಾರಣೆಯೂ ಸೊರಗಿತು ಎಂಬುದನ್ನು ಮರೆಯುವಂತಿಲ್ಲ. ಈ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಬೆಲೆ ಎಷ್ಟು ಏರಬೇಕು ಎಂಬುದರ ಜೊತೆಗೆ ಪರಿಹಾರ ಯಾವ ದಿನ, ಯಾವ ಖಾತೆಗೆ, ಯಾರ ಹೆಸರಿನಲ್ಲಿ ತಲುಪಬೇಕು, ಹಣದುಬ್ಬರಕ್ಕೆ ತಕ್ಕಂತೆ ಅದು ಹೇಗೆ ಏರಬೇಕು ಎಂಬುದನ್ನೂ ಬರೆಯದ ವರದಿ ಅರ್ಧ ವರದಿ. ಉಳಿದರ್ಧವನ್ನು ರಾಜಕಾರಣಿಗಳು ನೋಡಿಕೊಳ್ಳುತ್ತಾರೆ ಎನ್ನುವುದು ವೃತ್ತಿಧರ್ಮವಲ್ಲ. ಕುಟುಂಬಗಳ ಖರ್ಚಿನ ಸಮೀಕ್ಷೆಯನ್ನು ಎದುರಿಗಿಟ್ಟುಕೊಂಡು, ಅತ್ಯಂತ ಬಡವರಾದ ಐದನೆಯ ಒಂದು ಭಾಗದ ಜನರ ತಿಂಗಳ ಖರ್ಚಿನಲ್ಲಿ ಸೀಮೆಎಣ್ಣೆ, ಬಸ್ ಪ್ರಯಾಣ, ಅಡುಗೆ ಅನಿಲ ಎಷ್ಟು ಪಾಲು ತಿನ್ನುತ್ತವೆ ಎಂದು ನೋಡದೆ ಈ ವಿಷಯದಲ್ಲಿ ಬಾಯಿ ತೆರೆಯಬಾರದು.

ಪ್ರಶ್ನೆ: ಕೆಲಸ ಕೊಟ್ಟವರು ತಮಗೆ ಬೇಕಾದ ಉತ್ತರವನ್ನೇ ಬರೆಯಲು ಒತ್ತಾಯಿಸಿದರೆ ಏನು ಮಾಡಬೇಕು? ಸ್ವತಂತ್ರ ಸಲಹೆ ಎಂಬುದು ನಿಜಕ್ಕೂ ಇದೆಯೇ?

ಉತ್ತರ: ಒತ್ತಡ ಬಂದೇ ಬರುತ್ತದೆ, ಮತ್ತು ಅದು ಬೆದರಿಕೆಯ ರೂಪದಲ್ಲಿ ಬರುವುದಿಲ್ಲ. ಕರಡು ವರದಿಯ ಮೇಲಿನ ಟಿಪ್ಪಣಿಯಾಗಿ, ಬಹಳ ಸೌಜನ್ಯದಿಂದ ಬರುತ್ತದೆ: "ಬೇಡಿಕೆಯ ಬೆಳವಣಿಗೆ ವರ್ಷಕ್ಕೆ ಶೇ 4 ಎಂದು ಹಿಡಿದಿದ್ದೀರಿ, ಸರ್ಕಾರದ ಗುರಿಗೆ ಅನುಗುಣವಾಗಿ ಶೇ 7 ಎಂದು ಮಾಡಬಹುದೇ?" ನೋಡಲು ಮೂರೇ ಅಂಶದ ವ್ಯತ್ಯಾಸ. ಆದರೆ ಶೇ 4ರ ಬೆಳವಣಿಗೆಯಲ್ಲಿ ಇಪ್ಪತ್ತು ವರ್ಷದಲ್ಲಿ ಬೇಡಿಕೆ 2.2 ಪಟ್ಟಾದರೆ, ಶೇ 7ರಲ್ಲಿ ಸುಮಾರು 3.9 ಪಟ್ಟಾಗುತ್ತದೆ. ಎರಡನೆಯ ಅಂಕಿಯನ್ನು ನಂಬಿ ಸ್ಥಾವರ ಕಟ್ಟಿಸಿ, ವಿದ್ಯುತ್ ಕೊಂಡರೂ ಕೊಳ್ಳದಿದ್ದರೂ ಸಾಮರ್ಥ್ಯ ಶುಲ್ಕ ಕೊಡಬೇಕೆಂಬ ಒಪ್ಪಂದಕ್ಕೆ ಸಹಿ ಹಾಕಿದರೆ, ಓಡದೆ ನಿಂತ ಯಂತ್ರಗಳಿಗಾಗಿ ಆ ದೇಶದ ಗ್ರಾಹಕರು ದಶಕಗಟ್ಟಲೆ ಹಣ ತೆರುತ್ತಾರೆ. ಆ ಹಣದ ಮೂಲ ಕರಡಿನ ಅಂಚಿನಲ್ಲಿದ್ದ ಒಂದು ಸಾಲಿನ ಟಿಪ್ಪಣಿ ಎಂಬುದು ಅವರಿಗೆ ತಿಳಿಯುವುದೂ ಇಲ್ಲ.

ಇಂಥ ಟಿಪ್ಪಣಿಗೆ ನಾನು ಕೊಡುವ ಉತ್ತರ ಹೀಗಿರುತ್ತದೆ: ಶೇ 7ರ ಸನ್ನಿವೇಶವನ್ನು ಸಂತೋಷದಿಂದ ಸೇರಿಸುತ್ತೇನೆ, ಅದಕ್ಕೆ "ಸರ್ಕಾರದ ಗುರಿ" ಎಂದು ಹೆಸರಿಡುತ್ತೇನೆ, ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬೇಡಿಕೆ ನಿಜವಾಗಿ ಬೆಳೆದ ದರವನ್ನು ಅದರ ಪಕ್ಕದಲ್ಲೇ ಮುದ್ರಿಸುತ್ತೇನೆ, ಮತ್ತು ಆ ಗುರಿ ತಪ್ಪಿದರೆ ಪ್ರತಿ ಯೂನಿಟ್ಟಿಗೆ ಎಷ್ಟು ಹೆಚ್ಚು ಹೊರೆ ಬೀಳುತ್ತದೆ ಎಂಬ ಲೆಕ್ಕವನ್ನೂ ಕೊಡುತ್ತೇನೆ. ಹೆಚ್ಚಿನ ಅಧಿಕಾರಿಗಳು ಇದಕ್ಕೆ ಒಪ್ಪುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಒಳಗೊಳಗೆ ಇದೇ ಬೇಕಾಗಿರುತ್ತದೆ, ತಾವೇ ಹೇಳಲಾಗದ ಮಾತನ್ನು ಹೊರಗಿನವರು ಹೇಳಲಿ ಎಂಬ ನಿರೀಕ್ಷೆಯಿರುತ್ತದೆ. ಒಪ್ಪದಿದ್ದರೆ ವರದಿಯಿಂದ ಹೆಸರು ತೆಗೆಸಿಕೊಂಡು ಹೊರಬರಬೇಕು. ಹೀಗೆ ಹೊರಬಂದವರಿಗೆ ಮುಂದಿನ ಒಂದೆರಡು ಕೆಲಸ ತಪ್ಪಬಹುದು ಎಂಬುದು ನಿಜ. ಅದನ್ನು ತಡೆದುಕೊಳ್ಳಬೇಕೆಂದರೆ ಒಬ್ಬನೇ ಗ್ರಾಹಕನನ್ನು ನೆಚ್ಚಿಕೊಳ್ಳಬಾರದು, ಖರ್ಚನ್ನು ಆದಾಯದ ಮಟ್ಟಕ್ಕೇ ಏರಿಸಿಕೊಳ್ಳಬಾರದು. ಸ್ವಾತಂತ್ರ್ಯದ ಮಾತು ಅನೇಕ ವೇಳೆ ಮನೆಯ ಜಮಾಖರ್ಚಿನಲ್ಲೇ ನಿರ್ಧಾರವಾಗುತ್ತದೆ.

ಬರೆದಿಟ್ಟ ನಿಯಮಗಳೂ ಇವೆ. ವಿಶ್ವಬ್ಯಾಂಕಿನ ಖರೀದಿ ನಿಯಮಗಳ ಪ್ರಕಾರ ಒಂದು ಯೋಜನೆಯ ಸಿದ್ಧತೆಗೆ ಸಲಹೆ ಕೊಟ್ಟ ಸಂಸ್ಥೆ, ಆ ಸಲಹೆಯಿಂದ ನೇರವಾಗಿ ಹುಟ್ಟುವ ಕಾಮಗಾರಿ ಅಥವಾ ಸರಕು ಪೂರೈಕೆಯ ಟೆಂಡರಿನಲ್ಲಿ ಸಾಮಾನ್ಯವಾಗಿ ಭಾಗವಹಿಸುವಂತಿಲ್ಲ. ಆದರೆ ನಿಯಮ ಹಿಡಿಯದ ಸೂಕ್ಷ್ಮ ಸಂಗತಿಗಳು ಬಹಳ. ಬೆಳಿಗ್ಗೆ ನಿಯಂತ್ರಣ ಆಯೋಗಕ್ಕೆ ಸಲಹೆ ಕೊಟ್ಟು, ಸಂಜೆ ಅದೇ ಆಯೋಗದ ಮುಂದೆ ಅರ್ಜಿ ಹಾಕಲಿರುವ ಕಂಪನಿಯ ಕೆಲಸ ಒಪ್ಪಿಕೊಳ್ಳುವುದು ಕಾಗದದ ಮೇಲೆ ತಪ್ಪಿಲ್ಲದಿರಬಹುದು, ನನ್ನ ದೃಷ್ಟಿಯಲ್ಲಿ ಅದು ತಪ್ಪೇ.

ಪ್ರಶ್ನೆ: ನಾನು ಕಾನೂನು ಓದುತ್ತಿದ್ದೇನೆ. ಇಂಧನ ಸಮಾಲೋಚನೆಯಲ್ಲಿ ನನ್ನಂಥವರಿಗೆ ಜಾಗವಿದೆಯೇ?

ಉತ್ತರ: ಧಾರಾಳವಾಗಿ ಇದೆ. ಇಂಧನ ಒಪ್ಪಂದಗಳ ವಿವಾದಗಳು ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಗಳಿಗೆ ಹೋಗುವುದು ಸಾಮಾನ್ಯ, ಅಲ್ಲಿ ಎರಡೂ ಕಡೆಯವರು ಅರ್ಥಶಾಸ್ತ್ರಜ್ಞರನ್ನು ತಜ್ಞ ಸಾಕ್ಷಿಗಳಾಗಿ ನಿಲ್ಲಿಸುತ್ತಾರೆ. ಸ್ಪೇನ್ ದೇಶ 2007ರಲ್ಲಿ ಸೌರ ವಿದ್ಯುತ್ತಿಗೆ ಉದಾರವಾದ ದರ ಘೋಷಿಸಿ, ಹೂಡಿಕೆ ಹರಿದುಬಂದ ಮೇಲೆ ಹೊರೆ ತಾಳಲಾರದೆ ಮುಂದಿನ ವರ್ಷಗಳಲ್ಲಿ ಅದನ್ನು ಕಡಿತಗೊಳಿಸಿತು. ಹೂಡಿಕೆದಾರರು ಇಂಧನ ಕ್ಷೇತ್ರದ ವಿದೇಶಿ ಹೂಡಿಕೆಗೆ ರಕ್ಷಣೆ ಕೊಡುವ 1994ರ ಇಂಧನ ಸನ್ನದು ಒಪ್ಪಂದದ ಅಡಿಯಲ್ಲಿ ಹತ್ತಾರು ದಾವೆಗಳನ್ನು ಹೂಡಿದರು. "ನ್ಯಾಯವಾದ ಪ್ರತಿಫಲ" ಎಷ್ಟು ಎಂಬ ಪ್ರಶ್ನೆ ಅಲ್ಲಿ ಕಾನೂನಿನದೂ ಹೌದು, ಅರ್ಥಶಾಸ್ತ್ರದ್ದೂ ಹೌದು.

ದ್ರವೀಕೃತ ನೈಸರ್ಗಿಕ ಅನಿಲದ ದೀರ್ಘಾವಧಿ ಒಪ್ಪಂದಗಳನ್ನೂ ನೋಡಿ. ಏಷ್ಯಾದ ಅನೇಕ ಒಪ್ಪಂದಗಳಲ್ಲಿ ಅನಿಲದ ಬೆಲೆ ಕಚ್ಚಾ ತೈಲದ ಬೆಲೆಯ ಇಂತಿಷ್ಟು ಶೇಕಡಾ ಎಂದು ಬರೆದಿರುತ್ತದೆ. ತೈಲ ಬ್ಯಾರೆಲಿಗೆ 100 ಡಾಲರ್ ಇದ್ದಾಗ, ಆ ಪ್ರಮಾಣ ಶೇ 12 ಆದರೆ ಹತ್ತು ಲಕ್ಷ ಬಿಟಿಯು (ಶಾಖವನ್ನು ಅಳೆಯುವ ಮಾನ) ಅನಿಲಕ್ಕೆ 12 ಡಾಲರ್, ಶೇ 14 ಆದರೆ 14 ಡಾಲರ್. ಒಂದು ದೊಡ್ಡ ಹಡಗು ಇಂಥ ಸುಮಾರು 35 ಲಕ್ಷ ಯೂನಿಟ್ ಹೊರುವುದರಿಂದ, ಆ ಎರಡಂಶದ ಬೆಲೆ ಪ್ರತಿ ಹಡಗಿಗೆ ಸುಮಾರು 70 ಲಕ್ಷ ಡಾಲರ್. ಆ ಷರತ್ತಿನ ಮರುಪರಿಶೀಲನೆ ಯಾವಾಗ ಕೇಳಬಹುದು ಎಂಬ ವಾಕ್ಯವನ್ನು ಬರೆಯಬಲ್ಲ, ಓದಬಲ್ಲ, ಅದರ ಹಣದ ಪರಿಣಾಮವನ್ನೂ ಎಣಿಸಬಲ್ಲ ವಕೀಲರು ಬಹಳ ಕಡಿಮೆ.

ಪ್ರಶ್ನೆ: ಆದಾಯ, ಪ್ರವಾಸ, ಕುಟುಂಬ ಜೀವನದ ಬಗ್ಗೆ ಹೇಳಿ. ಸ್ವತಂತ್ರವಾಗಿ ಕೆಲಸ ಮಾಡುವುದು ಒಳ್ಳೆಯದೋ, ಸಂಸ್ಥೆ ಸೇರುವುದೋ?

ಉತ್ತರ: ಸ್ವತಂತ್ರ ಸಮಾಲೋಚಕರ ಸಂಭಾವನೆ ದಿನಗಳ ಲೆಕ್ಕದಲ್ಲಿ ಇರುತ್ತದೆ, ದಿನದ ದರ ಕೇಳಲು ಆಕರ್ಷಕವಾಗಿದ್ದರೂ ವರ್ಷದ ಎಲ್ಲ ದಿನಗಳೂ ಸಂಭಾವನೆಯ ದಿನಗಳಲ್ಲ. ಟೆಂಡರಿಗೆ ಪ್ರಸ್ತಾವ ಬರೆಯುವ ವಾರಗಳಿಗೆ ಯಾರೂ ಹಣ ಕೊಡುವುದಿಲ್ಲ, ಸರ್ಕಾರಿ ಪಾವತಿ ತಡವಾಗುವುದು ವಾಡಿಕೆ. ಮೊದಲ ಹತ್ತು ವರ್ಷ ಸಂಸ್ಥೆಯಲ್ಲಿದ್ದು, ಹಿರಿಯರು ನಿಮ್ಮ ಲೆಕ್ಕದ ಹಾಳೆಯನ್ನು ಕೋಶಕೋಶವಾಗಿ ಪರೀಕ್ಷಿಸುವ ಶಿಸ್ತಿಗೆ ಒಳಪಡುವುದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರವಾಸ ಮೊದಲಿಗಿಂತ ಕಡಿಮೆಯಾಗಿದೆ, ಎಷ್ಟೋ ಸಭೆಗಳು ಈಗ ದೂರದಿಂದಲೇ ನಡೆಯುತ್ತವೆ. ಇಂಗ್ಲಿಷಿನ ಜೊತೆ ಫ್ರೆಂಚ್ ಅಥವಾ ಸ್ಪ್ಯಾನಿಷ್ ಬಂದರೆ ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಬಾಗಿಲುಗಳು ತೆರೆಯುತ್ತವೆ.

ಪ್ರಶ್ನೆ: ಹೊರಗಿನಿಂದ ಬಂದ ತಜ್ಞರ ವರದಿಗಳು ಸಚಿವಾಲಯದ ಕಪಾಟಿನಲ್ಲೇ ಉಳಿದುಬಿಡುತ್ತವೆ ಎಂಬ ದೂರು ಇದೆ. ಇದಕ್ಕೆ ಪರಿಹಾರವಿಲ್ಲವೇ?

ಉತ್ತರ: ದೂರು ನಿಜ. ಇದಕ್ಕೆ ಕಾರಣ ವರದಿಯ ಗುಣಮಟ್ಟವೊಂದೇ ಅಲ್ಲ, ಲೆಕ್ಕ ಯಾರ ಕೈಯಲ್ಲಿ ಉಳಿಯಿತು ಎಂಬುದು. ಪಿಡಿಎಫ್ ಕೊಟ್ಟು, ಅದರ ಅಂಕಿಗಳನ್ನು ಲೆಕ್ಕ ಹಾಕಿದ ಮಾದರಿಯನ್ನು ತಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಹೋದರೆ, ಆರು ತಿಂಗಳಲ್ಲಿ ಅನಿಲದ ಬೆಲೆ ಬದಲಾದಾಗ ಆ ವರದಿ ಸತ್ತಂತೆ. ಅದನ್ನು ಪರಿಷ್ಕರಿಸಲು ಮತ್ತೆ ಟೆಂಡರ್ ಕರೆಯಬೇಕು, ಮತ್ತೆ ಯಾರೋ ಹೊರಗಿನವರು ಬರಬೇಕು. ಈ ಅವಲಂಬನೆ ಕೆಲವು ಸಂಸ್ಥೆಗಳಿಗೆ ಲಾಭದಾಯಕ, ಆದ್ದರಿಂದಲೇ ಅದು ಮುಂದುವರಿದಿದೆ.

ಈಗ ಓಸಿಮೋಸಿಸ್‌ನಂಥ ಮುಕ್ತ ಇಂಧನ ಯೋಜನಾ ತಂತ್ರಾಂಶಗಳಿವೆ, ಅವುಗಳ ಒಳಗಿನ ಸಮೀಕರಣಗಳನ್ನು ಯಾರು ಬೇಕಾದರೂ ತೆರೆದು ಓದಬಹುದು. ಸ್ಟಾಕ್‌ಹೋಮ್ ಪರಿಸರ ಸಂಸ್ಥೆಯ ಲೀಪ್ ಎಂಬ ಯೋಜನಾ ತಂತ್ರಾಂಶ ಅನೇಕ ಬಡ ದೇಶಗಳ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿದೆ. ನಾನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಒಂದು ಷರತ್ತನ್ನು ಸೇರಿಸಲು ಕೇಳುತ್ತೇನೆ: ಮಾದರಿಯನ್ನು ಸಚಿವಾಲಯದ ಇಬ್ಬರು ಕಿರಿಯ ಅಧಿಕಾರಿಗಳ ಜೊತೆಯಲ್ಲೇ ಕಟ್ಟಬೇಕು, ಅಂತಿಮ ವರದಿಯ ಸಭೆಯಲ್ಲಿ ಅಂಕಿಗಳನ್ನು ಮಂಡಿಸುವವರು ಅವರೇ ಆಗಿರಬೇಕು, ನಾನು ಹಿಂದಿನ ಸಾಲಿನಲ್ಲಿ ಕೂತಿರಬೇಕು. ಒಬ್ಬರ ಬದಲು ಇಬ್ಬರನ್ನು ಕೇಳುವುದಕ್ಕೂ ಕಾರಣವಿದೆ. ಒಬ್ಬರಿಗೆ ವರ್ಗಾವಣೆಯಾದರೂ ಇನ್ನೊಬ್ಬರು ಉಳಿದಿರುತ್ತಾರೆ, ಮಾದರಿಯ ಯಾವ ಕೋಶದಲ್ಲಿ ಯಾವ ಊಹೆಯಿದೆ, ಅದನ್ನು ಏಕೆ ಹಾಗೆ ಹಿಡಿಯಲಾಯಿತು ಎಂದು ಮುಂದೆ ಬರುವವರಿಗೆ ಹೇಳಿಕೊಡಲು ಕಚೇರಿಯೊಳಗೇ ಒಬ್ಬರಿರುತ್ತಾರೆ.